ಖಾಲಿ ಗೋಡೆಗೆ ಆರಡಿ ಚಿತ್ತಾರ: ಪ್ಲೈವುಡ್, ಕೆಮ್ಮಣ್ಣು, ಅಕ್ಕಿಹಿಟ್ಟು

ದೊಡ್ಡ ಗೋಡೆಯ ನಡುವೆ ಎರಡಡಿಯ ಚಿತ್ರವೊಂದನ್ನು ತೂಗುಹಾಕಿದರೆ ಗೋಡೆ ಮೊದಲಿಗಿಂತ ಹೆಚ್ಚು ಬೋಳಾಗಿ ಕಾಣುತ್ತದೆ. ಸೋಫಾ ಅಥವಾ ದಿವಾನದ ಮೇಲೆ ಬರುವ ಚಿತ್ರ ಅದರ ಅಗಲದ ಮೂರರಲ್ಲಿ ಎರಡು ಪಾಲಾದರೂ ಇರಬೇಕು. ಒಂಬತ್ತಡಿಯ ಆಸನಸಾಲಿಗೆ ಆರಡಿ ಎಂಬುದು ಕಣ್ಣಿಗೆ ಒಗ್ಗುವ ಲೆಕ್ಕ. ಇಲ್ಲಿ ವಿವರಿಸಿರುವುದು 6 ಅಡಿ ಅಗಲ, 4 ಅಡಿ ಎತ್ತರದ ಫಲಕ. ಅದರ ಮೇಲೆ ಕೆಮ್ಮಣ್ಣಿನ ಹಾಸು, ಹಾಸಿನ ಮೇಲೆ ಬಿಳಿ ಗೆರೆಗಳ ಚಿತ್ತಾರ.

ಚಿತ್ತಾರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರು ಎಂಬ ಸಮುದಾಯದ ಹೆಂಗಸರ ಕೈಯಲ್ಲಿ ಬೆಳೆದ ಈ ಕಲೆ ಹುಟ್ಟಿದ್ದೇ ಗೋಡೆಗಾಗಿ. ಕಾಗದದ ಚಿಕ್ಕ ಚಿತ್ರವನ್ನು ಹಿಗ್ಗಿಸಿ ಗೋಡೆಗೆ ತಂದಾಗ ಬರುವ ಸಡಿಲತೆ ಇದರಲ್ಲಿ ಇಲ್ಲ. ಗೆರೆಯ ಪಕ್ಕ ಗೆರೆ, ಎಳೆಯ ಪಕ್ಕ ಎಳೆ ಸೇರಿಸುತ್ತ ಎಷ್ಟು ಬೇಕಾದರೂ ಬೆಳೆಸಬಹುದು. ಮೂಲದ ಬಣ್ಣಗಳೂ ಕೈಗೆಟುಕುವಂಥವು: ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮದುವೆಮನೆಯಲ್ಲಿ ಬರೆಯುವ ಹಸೆಗೋಡೆ ಚಿತ್ತಾರ ಆಚರಣೆಯ ಭಾಗ. ಅದರ ನಡುವಿನ ಮದುಮಕ್ಕಳ ಆಕೃತಿಗಳನ್ನು ಸೋಫಾದ ಹಿಂದಿನ ಅಲಂಕಾರಕ್ಕೆಂದು ಎತ್ತಿಕೊಳ್ಳುವುದು ಸರಿಯಲ್ಲ. ಹಸೆಯೇ ಬೇಕೆಂದರೆ ಚಿತ್ತಾರಗಿತ್ತಿಯೊಬ್ಬರನ್ನು ಕೇಳಿ, ತಕ್ಕ ಸಂಭಾವನೆ ಕೊಟ್ಟು ಬರೆಸಿ. ಈ ಫಲಕದಲ್ಲಿ ಇರುವುದು ಗೆರೆ, ಚೌಕ, ಅಂಚು ಇಷ್ಟೇ. ಅದಕ್ಕೇ ಸಾಕಷ್ಟು ಕೆಲಸವಿದೆ.

ಗೋಡೆಯ ಮೇಲೇ ಏಕೆ ಬರೆಯಬಾರದು

ಮಣ್ಣಿನ ಗೋಡೆಯಿದ್ದರೆ ಖಂಡಿತ ಬರೆಯಬಹುದು. ಈಗಿನ ಗೋಡೆಗಳಲ್ಲಿ ಸಿಮೆಂಟ್ ಗಾರೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಎಮಲ್ಷನ್ ಇರುತ್ತದೆ. ನೀರು ಹೀರದ ಈ ನುಣುಪಿನ ಮೇಲೆ ಮಣ್ಣು ಕಚ್ಚಿಕೊಳ್ಳುವುದಿಲ್ಲ. ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತದೆ. ಕಚ್ಚಿಕೊಳ್ಳಬೇಕೆಂದರೆ ಎಮಲ್ಷನ್ ಕೆರೆದು ತೆಗೆಯಬೇಕು. ಫಲಕವಾದರೆ ಮೇಜಿನ ಮೇಲೆ ಮಲಗಿಸಿ ಬರೆಯಬಹುದು, ಬಣ್ಣ ಕೆಳಗೆ ಇಳಿಯುವುದಿಲ್ಲ, ಮನೆ ಬದಲಿಸಿದಾಗ ಜೊತೆಗೇ ಬರುತ್ತದೆ. 4 ಅಡಿ ಎತ್ತರವೂ ಬೇಕೆಂದೇ ಇಟ್ಟುಕೊಂಡದ್ದು: ಎರಡೂ ಬದಿಯಿಂದ ಕೈ ಚಾಚಿದರೆ ಎರಡೆರಡು ಅಡಿ ಸಿಗುತ್ತದೆ, ಬರೆದ ಗೆರೆಯ ಮೇಲೆ ಒರಗದೆ ನಡುವನ್ನು ಮುಟ್ಟಬಹುದು. ಐದಡಿಯಾದರೆ ಈ ಅನುಕೂಲ ಹೋಗುತ್ತದೆ.

ಫಲಕ ತೂಗಬೇಕಾದ ಗೋಡೆಯಲ್ಲಿ ತೇವವಿದೆಯೇ ಎಂದು ಮೊದಲು ನೋಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಒತ್ತಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಯಾವ ಚಿತ್ರವನ್ನೂ ತೂಗಬೇಡಿ. ಮಳೆ ಹೊಡೆಯುವ ಪಡುವಣ ಗೋಡೆಗಳಲ್ಲಿ ಇದು ಸಾಮಾನ್ಯ.

ಹಲಗೆ ಮತ್ತು ಚೌಕಟ್ಟು

ಪ್ಲೈವುಡ್ 6 ಮಿಮೀ ದಪ್ಪದ್ದು, ಐಎಸ್ 710 ಗುರುತಿನ ಮರೀನ್ ದರ್ಜೆಯದು. ಐಎಸ್ 303ರ ಸಾಧಾರಣ ಪ್ಲೈ ಅಗ್ಗ. ಆದರೆ ಇಲ್ಲಿ ಹಲಗೆಯ ಮೇಲೆ ನೀರು ಕಲಸಿದ ಮಣ್ಣನ್ನು ಮೂರು ಸಲ ಬಳಿಯುತ್ತೇವೆ. ಪದರ ಬಿಡುವ ಪ್ಲೈ ಆದರೆ ಮೊದಲ ಬಳಿತಕ್ಕೇ ಬೊಬ್ಬೆ ಏಳುತ್ತದೆ. ಹಾಳೆ 8 ಅಡಿ × 4 ಅಡಿ ಅಳತೆಯಲ್ಲಿ ಬರುತ್ತದೆ. ಅಂಗಡಿಯಲ್ಲೇ 6 ಅಡಿಗೆ ಕೊಯ್ಯಿಸಿ, ಉಳಿದ 2 ಅಡಿ × 4 ಅಡಿ ತುಂಡನ್ನೂ ಮನೆಗೆ ತನ್ನಿ. ಬಣ್ಣದ ಪರೀಕ್ಷೆಗೆ ಅದು ಬೇಕೇ ಬೇಕು.

ಕೊಯ್ದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. 72 ಇಂಚು × 48 ಇಂಚಿಗೆ ಕರ್ಣ 86½ ಇಂಚು. ಎರಡಕ್ಕೂ ಒಂದು ಸೂತಿಗಿಂತ (ಇಂಚಿನ ಎಂಟನೇ ಒಂದು ಪಾಲು) ಹೆಚ್ಚು ವ್ಯತ್ಯಾಸವಿದ್ದರೆ ಹಲಗೆ ಮೂಲೆಮಟ್ಟದಲ್ಲಿ ಇಲ್ಲ. ಈ ತಪ್ಪನ್ನು ಮುಂದೆ ಯಾವ ಹಂತದಲ್ಲೂ ಮುಚ್ಚಲಾಗದು. ಗೆರೆಗಳೆಲ್ಲ ಅಂಚಿಗೆ ಓರೆಯಾಗಿ ನಿಂತು ತೋರಿಸಿಕೊಡುತ್ತವೆ.

6 ಮಿಮೀ ಹಲಗೆ ಒಂಟಿಯಾಗಿ ನಿಲ್ಲುವುದಿಲ್ಲ, ಬಾಗುತ್ತದೆ. ಹಿಂಬದಿಗೆ 1 ಇಂಚು × 2 ಇಂಚಿನ ಸಿಲ್ವರ್ ಓಕ್ ರೀಪರ್, ಅಂದರೆ ಕಿರಿದಾದ ಮರದ ಪಟ್ಟಿಗಳ ಚೌಕಟ್ಟು ಕೊಡಿ. ರೀಪರನ್ನು ಮಲಗಿಸದೆ ನಿಲ್ಲಿಸಿ ಜೋಡಿಸಬೇಕು, ಅಂದರೆ 1 ಇಂಚಿನ ಮುಖ ಹಲಗೆಗೆ ತಾಗಬೇಕು. ಅದೇ ಮರ ಹಾಗೆ ನಿಂತಾಗ ಬಾಗುವಿಕೆಯನ್ನು ನಾಲ್ಕು ಪಟ್ಟು ಹೆಚ್ಚು ತಡೆಯುತ್ತದೆ. ಮೇಲೆ, ಕೆಳಗೆ ಆರಡಿಯವು ಎರಡು. ಎರಡು ಬದಿಗೆ ಮತ್ತು ನಡುವೆ ಎರಡೆರಡು ಅಡಿಗೊಂದರಂತೆ ಒಟ್ಟು ನಾಲ್ಕು ಅಡ್ಡತುಂಡು, ತಲಾ ಸುಮಾರು 46 ಇಂಚು. ಮೇಲಂಚಿನಲ್ಲಿ ಮಾತ್ರ ಇನ್ನೊಂದು ರೀಪರನ್ನು ಒಳಗಡೆ ಜೋಡಿಸಿ ಎರಡು ಇಂಚು ಅಗಲ ಮಾಡಿ. ಫಲಕವನ್ನು ಕೊನೆಗೆ ಗೋಡೆಗೆ ಸಿಕ್ಕಿಸುವ ತೂಗುಪಟ್ಟಿ ಕೂರಲು ಆ ಜಾಗ ಬೇಕು. ಎಲ್ಲ ಸೇರಿ 33 ಅಡಿ ಆಗುತ್ತದೆ. ಗಂಟು, ಡೊಂಕು ಬಿಟ್ಟು ಆರಿಸಬೇಕಾದ್ದರಿಂದ 40 ಅಡಿ ತನ್ನಿ. ಪ್ರತಿ ರೀಪರಿನ ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿ. ಆರಡಿಯಲ್ಲಿ ಕಾಲಿಂಚಿನ ಡೊಂಕಿದ್ದರೆ ಆರಡಿ ಉದ್ದಕ್ಕೆ ಬಳಸದೆ ಅಡ್ಡತುಂಡಿಗೆ ಕತ್ತರಿಸಿಕೊಳ್ಳಿ.

ಬಿಳಿ ಮರಗೋಂದು ಹಚ್ಚಿ, ಮುಂಬದಿಯಿಂದ 25 ಮಿಮೀ ಸ್ಕ್ರೂಗಳನ್ನು 8 ಇಂಚಿಗೊಂದರಂತೆ ಹಾಕಿ, ತಲೆ ಹಲಗೆಯ ಮೈಗಿಂತ ಒಂದು ಕೂದಲು ಒಳಗೆ ಕೂರಲಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಪ್ಪು ಡ್ರೈವಾಲ್ ಸ್ಕ್ರೂ ಒದ್ದೆ ಮಣ್ಣಿನ ಕೆಳಗೆ ತುಕ್ಕು ಹಿಡಿದು, ಕೆಲವೇ ತಿಂಗಳಲ್ಲಿ ಸಾಲು ಸಾಲಾಗಿ ಕಂದು ಚುಕ್ಕೆಗಳನ್ನು ಮೇಲಕ್ಕೆ ಬಿಡುತ್ತದೆ. ಸ್ಟೇನ್‌ಲೆಸ್ ಸಿಗದಿದ್ದರೆ ಪ್ರತಿ ತಲೆಗೂ ಒಂದು ಹನಿ ಎಣ್ಣೆಬಣ್ಣ ಮುಟ್ಟಿಸಿ, ಒಣಗಿದ ಮೇಲೆ ಮರದ ಪುಟ್ಟಿ ತುಂಬಿ, 120ರ ಉಜ್ಜುಕಾಗದದಲ್ಲಿ ಸಮ ಮಾಡಿ.

ಹಿಂಬದಿಗೆ ಮತ್ತು ನಾಲ್ಕೂ ಅಂಚಿಗೆ ಎರಡು ಕೈ ಮರದ ಪ್ರೈಮರ್ ಹೊಡೆಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಯಾರಿಗೂ ಕಾಣದಲ್ಲ ಎಂದು. ಮುಂಬದಿ ಮಾತ್ರ ಮುಚ್ಚಿಕೊಂಡು ಹಿಂಬದಿ ತೆರೆದಿದ್ದರೆ ಮಳೆಗಾಲದ ತೇವವನ್ನು ಹಿಂಬದಿಯೊಂದೇ ಹೀರಿ ಹಿಗ್ಗುತ್ತದೆ. ಹಲಗೆ ಬಟ್ಟಲಿನಂತೆ ಬಾಗುವುದು ಹೀಗೆ. ಗೆದ್ದಲಿಗೂ ಬರಿಮೈಯ ಮರವೇ ಸುಲಭದ ದಾರಿ.

ಬಟ್ಟೆ ಅಂಟಿಸುವುದು

ಮಣ್ಣನ್ನು ನೇರ ಪ್ಲೈ ಮೇಲೆ ಬಳಿಯಬಹುದು, ಆದರೆ ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಮಣ್ಣಿನ ತೆಳುಪದರ ಅದರೊಂದಿಗೆ ಹೋಗಲಾರದೆ ಕೂದಲೆಳೆ ಬಿರುಕು ಬಿಡುತ್ತದೆ. ನಡುವೆ ಹತ್ತಿಯ ಕೋರಾ ಬಟ್ಟೆ ಇದ್ದರೆ ಆ ಎಳೆದಾಟವನ್ನು ಅದು ತಾಳಿಕೊಳ್ಳುತ್ತದೆ. ನೇಯ್ಗೆಯ ಒರಟಿಗೆ ಮಣ್ಣು ಚೆನ್ನಾಗಿ ಹಿಡಿಯುತ್ತದೆ. 60 ಇಂಚು ಅಗಲದ ಬಟ್ಟೆ ಎರಡೂಕಾಲು ಮೀಟರ್ ಬೇಕು. ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ಬಿಡಿಸಿ, ಒಣಗಿಸಿ, ಇಸ್ತ್ರಿ ಮಾಡಿ. ಒಗೆಯದ ಬಟ್ಟೆ ಗೋಂದಿನ ತೇವಕ್ಕೆ ಹಲಗೆಯ ಮೇಲೇ ಕುಗ್ಗಿ ಮೂಲೆಗಳಿಂದ ಎದ್ದುಬರುತ್ತದೆ.

ಗೋಂದು 400 ಗ್ರಾಂ, ನೀರು 130 ಮಿಲೀ ಕಲಸಿ ರೋಲರಿನಲ್ಲಿ ಹಲಗೆಗೆ ಹಚ್ಚಿ. ಬಟ್ಟೆಯನ್ನು ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಅಲ್ಲೇ ಒತ್ತಿ. ಅಂಚಿನ ಬಟ್ಟೆಯನ್ನು ಹಿಂದಕ್ಕೆ ಮಡಚಿ ಸ್ಟೇಪ್ಲರ್ ಪಿನ್ ಹೊಡೆಯಿರಿ. ಇಡೀ ಒಂದು ದಿನ ಒಣಗಲಿ. ಬೆರಳ ಗಿಣ್ಣಿನಿಂದ ತಟ್ಟಿದಾಗ ಎಲ್ಲೆಡೆ ಒಂದೇ ಸದ್ದು ಬರಬೇಕು. ಟೊಳ್ಳು ಸದ್ದು ಬಂದಲ್ಲಿ ಅಂಟಿಲ್ಲ, ಅಲ್ಲಿ ಸಿರಿಂಜಿನಿಂದ ಗೋಂದು ತುಂಬಿ ಮೇಲೆ ತೂಕ ಇಡಿ.

ಕೆಮ್ಮಣ್ಣು

ಈ ಕೆಲಸದ ಜೀವಾಳ ಇದು. ಅವಸರ ಮಾಡಬೇಡಿ.

ಮೇಲ್ಮಣ್ಣು ಬೇಡ, ಅದರಲ್ಲಿ ಕೊಳೆತ ಎಲೆ, ಬೇರು ಇರುತ್ತವೆ. ಎರಡಡಿ ಕೆಳಗಿನ ಮಣ್ಣು ಬೇಕು. ಬಾವಿ, ಪಾಯ ತೋಡಿದಲ್ಲಿ, ರಸ್ತೆ ಅಗಲಿಸಲು ದಿಬ್ಬ ಕಡಿದಲ್ಲಿ ಒಳ್ಳೆಯ ಮಣ್ಣು ಸಿಗುತ್ತದೆ. ಊರಿನಲ್ಲಿ ಸಿಗದಿದ್ದರೆ ಗ್ರಂದಿಗೆ ಅಂಗಡಿಯಲ್ಲಿ ರಂಗೋಲಿಯ ಅಂಚಿಗೆಂದು ಮಾರುವ ಕೆಮ್ಮಣ್ಣು ಆಗುತ್ತದೆ. ನರ್ಸರಿಯ ಚೀಲದ ಕೆಂಪುಮಣ್ಣು ಬೇಡ. ಗೊಬ್ಬರ ಬೆರೆತಿರುತ್ತದೆ, ಬೂಸ್ಟು ಹಿಡಿಯುತ್ತದೆ. ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ, ಹಾಗಾಗಿ ಬೆಳಕಿಗೆ ಮಾಸುವ ಭಯವಿಲ್ಲ. ಹಳದಿ ಸೇರಿಸುವ ಮನಸ್ಸಿದ್ದರೆ ಮಾತ್ರ ಇದನ್ನು ನೆನಪಿಡಿ: ಗಿಡದಿಂದ ತೆಗೆದ ಹಳದಿ ಬಿಸಿಲಿಗೆ ಮಾಸುತ್ತದೆ, ಮಣ್ಣಿನ ಹಳದಿ ಮಾಸುವುದಿಲ್ಲ.

ಮೂರು ಕೆಜಿ ಮಣ್ಣನ್ನು ಬಕೆಟಿನಲ್ಲಿ ಧಾರಾಳ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಡಿ. ಮರಳು, ಹರಳು ತಳಕ್ಕಿಳಿಯುತ್ತವೆ, ಸಣ್ಣ ಮಣ್ಣು ನೀರಿನಲ್ಲೇ ತೇಲುತ್ತಿರುತ್ತದೆ. ಆ ಕೆಂಪು ನೀರನ್ನು ತೆಳ್ಳನೆಯ ಪಂಚೆಯಲ್ಲಿ ಸೋಸಿ ಇನ್ನೊಂದು ಬಕೆಟಿಗೆ ಬಗ್ಗಿಸಿ. ತಳದ ಮರಳಿಗೆ ಮತ್ತೆ ನೀರು ಹಾಕಿ ಇನ್ನೆರಡು ಸಲ ಹೀಗೇ ಮಾಡಿ. ಎರಡನೆಯ ಬಕೆಟನ್ನು ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ನಿಧಾನವಾಗಿ ಚೆಲ್ಲಿ, ಉಳಿದ ಕೆಸರನ್ನು ತಟ್ಟೆಗಳಲ್ಲಿ ಒಣಗಿಸಿ, ಕುಟ್ಟಿ ಪುಡಿ ಮಾಡಿಟ್ಟುಕೊಳ್ಳಿ. 1 ಕೆಜಿ ಪುಡಿ ಸಾಕು. ಕಡಿಮೆ ಬಿದ್ದರೆ ಇನ್ನಷ್ಟು ಮಣ್ಣು ತೊಳೆಯಿರಿ, ಆದರೆ ಬಳಿಯಲು ಶುರುಮಾಡುವ ಮೊದಲೇ ಎಲ್ಲವನ್ನೂ ಒಟ್ಟಿಗೆ ಬೆರೆಸಿ. ಎರಡು ಸಲ ತೊಳೆದ ಮಣ್ಣು ಒಂದೇ ಬಣ್ಣಕ್ಕೆ ಬರುವುದಿಲ್ಲ.

ಕಲಸುವ ಅಳತೆ: ಪುಡಿ 1 ಕೆಜಿ, ಮರಗೋಂದು 350 ಗ್ರಾಂ, ನೀರು 800ರಿಂದ 900 ಮಿಲೀ. ಗೋಂದನ್ನು ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ. ನೀರುದೋಸೆಯ ಹಿಟ್ಟಿನ ಹದ ಬರಬೇಕು. ಇಷ್ಟಕ್ಕೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಬಣ್ಣವಾಗುತ್ತದೆ. 24 ಚದರಡಿಗೆ ಮೂರು ಕೈ ಬಳಿದು ಸ್ವಲ್ಪ ಉಳಿಯುತ್ತದೆ. ಹುಣಸೆಬೀಜದ ಅಂಟನ್ನೂ ಬಳಸಬಹುದು, ಕಿನ್ನಾಳದ ಬೊಂಬೆಗಳಲ್ಲಿ ಅದೇ ಕೆಲಸ ಮಾಡುತ್ತದೆ. ಆದರೆ ಹವೆಯಲ್ಲಿ ತೇವ ಹೆಚ್ಚಿರುವ ಊರಿನಲ್ಲಿ ಅದಕ್ಕೆ ಬೂಸ್ಟು ಬೇಗ ಬರುತ್ತದೆ. ಇಷ್ಟು ದೊಡ್ಡ ಫಲಕಕ್ಕೆ ನಮ್ಮ ಸಲಹೆ ಮರಗೋಂದೇ.

ಉಳಿದ ಪ್ಲೈ ತುಂಡಿಗೂ ಬಟ್ಟೆ ಅಂಟಿಸಿ, ಮೊದಲು ಅದರ ಮೇಲೆ ಅಂಗೈಯಗಲ ಬಳಿದು ನೋಡಿ. ಒಣಗಿದ ಮೇಲೆ ಜಾಲದಂತೆ ಬಿರುಕು ಕಂಡರೆ ಜೇಡಿಯ ಅಂಶ ಹೆಚ್ಚು. ತೊಳೆದಾಗ ತಳದಲ್ಲಿ ಉಳಿದ ಮರಳನ್ನು ಒಣಗಿಸಿ, ಸಣ್ಣ ಜರಡಿಯಲ್ಲಿ ಹಿಡಿದು, ಕೆಜಿಗೆ 150 ಗ್ರಾಂ ಸೇರಿಸಿ. ಬೆರಳಲ್ಲಿ ಉಜ್ಜಿದಾಗ ಕೆಂಪು ಹುಡಿ ಅಂಟಿದರೆ ಗೋಂದು ಸಾಲದು, 50 ಗ್ರಾಂ ಹೆಚ್ಚಿಸಿ. ಓರೆಯಿಂದ ನೋಡಿದಾಗ ಹೊಳಪು ಕಂಡರೆ ಗೋಂದು ಹೆಚ್ಚಾಯಿತು. ಹೊಳೆಯುವ ಕೆಮ್ಮಣ್ಣು ಎಣ್ಣೆಬಣ್ಣದ ಹಾಗೆ ಕಾಣುತ್ತದೆ, ಮಣ್ಣಿನ ಚೆಲುವೇ ಹೋಗುತ್ತದೆ. ಅಂಥ ಮೈ ಮೇಲೆ ಅಕ್ಕಿಹಿಟ್ಟಿನ ಗೆರೆಯೂ ಕೂರುವುದಿಲ್ಲ.

ನಾಲ್ಕಿಂಚಿನ ಬ್ರಷ್‌ನಲ್ಲಿ ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ ಬಳಿಯಿರಿ. ಮಣ್ಣು ಪಾತ್ರೆಯ ತಳಕ್ಕೆ ಕೂರುತ್ತಲೇ ಇರುತ್ತದೆ, ಬ್ರಷ್ ಅದ್ದುವಾಗಲೆಲ್ಲ ಕದಡಿ. ಇಲ್ಲವಾದರೆ ಕೊನೆಯ ಅಡಿ ಮೊದಲ ಅಡಿಗಿಂತ ಗಾಢವಾಗುತ್ತದೆ. ಬೇಸಗೆಯಲ್ಲಿ ಒಂದು ಕೈ ನಾಲ್ಕೈದು ತಾಸಿನಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಒಂದು ದಿನ ಬೇಕು. ಬಿಸಿಲಿಗಿಡಬೇಡಿ. ಮೇಲ್ಪದರ ಮೊದಲು ಒಣಗಿ ಬಿಗಿದರೆ ಕೆಳಗಿನ ಹಸಿಮಣ್ಣು ಅದನ್ನು ಸೀಳುತ್ತದೆ. ಮೂರನೆಯ ಕೈ ಮುಗಿದಾಗ ಉಳಿದ ಬಣ್ಣದಲ್ಲಿ 200 ಮಿಲೀ ಮುಚ್ಚಳ ಬಿಗಿದ ಡಬ್ಬಿಯಲ್ಲಿ ತೆಗೆದಿಡಿ. ಗೆರೆ ತಿದ್ದಲು ಅದೇ ಬೇಕು.

ದಾರ ಹೊಡೆದು ಗುರುತು ಹಾಕುವುದು

ಚಿತ್ತಾರ ಬರೆಯುತ್ತ ಬೆಳೆದ ಕೈಗೆ ಇಷ್ಟೊಂದು ಅಳತೆ ಬೇಡ. ಕಣ್ಣಂದಾಜೇ ಅವರ ಮಟ್ಟಗೋಲು. ಅಭ್ಯಾಸವಿಲ್ಲದ ಕೈ ಆರಡಿ ಗೆರೆ ಎಳೆಯಲು ಹೊರಟರೆ ಮಾತ್ರ ದಾರದ ಆಸರೆ ಬೇಕು: ಪುಡಿ ಹಚ್ಚಿದ ದಾರವನ್ನು ಎರಡು ಗುರುತುಗಳ ನಡುವೆ ಬಿಗಿಹಿಡಿದು ಮೀಟಿದರೆ ನೇರ ಗೆರೆ ಮೂಡುತ್ತದೆ, ದಾರ ಹೊಡೆಯುವುದು ಎಂದರೆ ಇದೇ.

ಸುತ್ತಲೂ 6 ಇಂಚು ಅಂಚಿಗೆ ಬಿಟ್ಟರೆ ಒಳಗೆ 60 ಇಂಚು × 36 ಇಂಚಿನ ಅಂಗಳ ಸಿಗುತ್ತದೆ. ಇದರ ಮೇಲಿನ ಮತ್ತು ಕೆಳಗಿನ ಗೆರೆಯಲ್ಲಿ ಎಡಗಡೆಯಿಂದ 6, 18, 30, 42, 54 ಇಂಚಿಗೆ ಗುರುತು ಹಾಕಿ. ಎರಡು ಬದಿಯ ಗೆರೆಗಳಲ್ಲಿ ಮೇಲಿನಿಂದ 6, 18, 30 ಇಂಚಿಗೆ. ಈಗ 45 ಡಿಗ್ರಿ ಓರೆಯಲ್ಲಿ ಗುರುತಿನಿಂದ ಗುರುತಿಗೆ ದಾರ ಹೊಡೆಯಿರಿ: ಮೇಲಿನ 6ರಿಂದ ಕೆಳಗಿನ 42ಕ್ಕೆ, ಮೇಲಿನ 18ರಿಂದ ಕೆಳಗಿನ 54ಕ್ಕೆ, ಮೇಲಿನ 30ರಿಂದ ಬಲಬದಿಯ 30ಕ್ಕೆ, ಹೀಗೆ. ಒಂದು ದಿಕ್ಕಿಗೆ 8 ದಾರ, ಎದುರು ದಿಕ್ಕಿಗೆ 8. ಪ್ರತಿ ದಾರವೂ ಎರಡೂ ತುದಿಯಲ್ಲಿ ಗುರುತಿನ ಮೇಲೇ ಬಂದು ನಿಲ್ಲಬೇಕು; ಒಂದಾದರೂ ತಪ್ಪಿದರೆ ಅಳತೆ ಎಲ್ಲೋ ಜಾರಿದೆ. 16 ದಾರ ಮುಗಿದಾಗ 12 ಇಂಚು ಕರ್ಣದ ವಜ್ರಾಕೃತಿಗಳು ಮೂಡುತ್ತವೆ: ಮೂರು ಸಾಲಿನಲ್ಲಿ ಐದೈದರಂತೆ 15, ಅವುಗಳ ಸಂದಿನಲ್ಲಿ 8, ಅಂಚಿನುದ್ದಕ್ಕೆ ಅರ್ಧ ಮತ್ತು ಕಾಲು ತುಂಡುಗಳು. ಕೊನೆಗೆ ಅದೇ ಗುರುತುಗಳನ್ನು ಹಿಡಿದು ನೇರ 5, ಅಡ್ಡ 3 ದಾರ ಹೊಡೆಯಿರಿ. ಇವು ವಜ್ರಗಳ ಮೂಲೆ ಮೂಲೆಯನ್ನು ಕೂಡಿಸುತ್ತವೆ. ಒಳಗಿನ ಗೆರೆಗಳು ತಿರುಗಬೇಕಾದ ಜಾಗ ಇವುಗಳ ಮೇಲೇ ಬರುತ್ತದೆ.

ಗಾರೆಯವರು ಬಳಸುವ ನೀಲಿ ಪುಡಿಯನ್ನು ಈ ದಾರಕ್ಕೆ ಹಚ್ಚಲೇಬಾರದು. ಮಣ್ಣಿನ ಮೈಯೊಳಗೆ ಇಳಿದರೆ ಮತ್ತೆ ಹೋಗದು. ಸೀಮೆಸುಣ್ಣದ ಪುಡಿ ಸಾಕು; ಹೆಚ್ಚಾದದ್ದು ಒಣ ಬ್ರಷ್‌ಗೆ ಬಂದುಬಿಡುತ್ತದೆ.

ಗೆರೆಯ ದಪ್ಪವನ್ನು ನೋಡುವ ದೂರದಿಂದ ಲೆಕ್ಕ ಹಾಕಬೇಕು. 3 ಮೀಟರ್ ದೂರದಿಂದ ಒಳ್ಳೆಯ ಕಣ್ಣಿಗೂ ಬಿಡಿಬಿಡಿಯಾಗಿ ಕಾಣುವ ಅತಿ ಸಣ್ಣ ಅಂತರ ಸುಮಾರು 1 ಮಿಮೀ. ಹತ್ತಿರ ಕೂತು ಬರೆಯುವಾಗ ಮೋಹಕವಾಗಿ ಕಂಡ ಒಂದು ಮಿಮೀ ಗೆರೆಗಳು ಗೋಡೆಗೇರಿದ ಮೇಲೆ ಬೂದಿಬಣ್ಣದ ಮಬ್ಬಾಗುತ್ತವೆ. ಇಲ್ಲಿ ಗೆರೆ 3 ಮಿಮೀ, ನಡುವಿನ ಕೆಂಪು 6 ಮಿಮೀ. ಅಂದರೆ ಗೆರೆಯ ನಡುವಿನಿಂದ ಗೆರೆಯ ನಡುವಿಗೆ 9 ಮಿಮೀ. ಮುಖ್ಯ 15 ವಜ್ರಗಳಲ್ಲಿ ದಾರದ ಗೆರೆಯಿಂದ ಒಳಕ್ಕೆ 9, 18, 27, 36, 45 ಮಿಮೀಗೆ ಐದು ಎಳೆ. ದಪ್ಪ ರಟ್ಟಿನ ತುಂಡಿಗೆ ಈ ಐದೂ ಅಳತೆಯ ಕಚ್ಚು ಹಾಕಿ, ಯಾವಾಗಲೂ ದಾರದ ಗೆರೆಯಿಂದಲೇ ಅಳೆದು ಚುಕ್ಕೆ ಇಡಿ. ಹಿಂದಿನ ಎಳೆಯಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ತಲಾ ಅರ್ಧ ಮಿಮೀ ತಪ್ಪು ಐದನೆಯದಕ್ಕೆ ಎರಡೂವರೆಯಾಗಿ, ವಜ್ರ ಸೊಟ್ಟಗಾಗುತ್ತದೆ. ಒಳಗೆ 7 ಇಂಚು ಕರ್ಣದ ಕೆಂಪು ಉಳಿಯುತ್ತದೆ.

ಆ ಕೆಂಪನ್ನೆಲ್ಲ ತುಂಬಿಸುವ ಆಸೆ ಬರುತ್ತದೆ. ಒಂದು ಬಿಟ್ಟು ಒಂದರಲ್ಲಿ ಚಿಕ್ಕ ತ್ರಿಕೋನಗಳನ್ನೋ ಚುಕ್ಕೆಗಳನ್ನೋ ಇಡಿ, ಸಂದಿನ 8 ವಜ್ರಗಳನ್ನು ಬರಿದಾಗಿಯೇ ಬಿಡಿ. ಗೆರೆಗಳಿಗೆ ಉಸಿರಾಡಲು ಕೆಂಪು ಬೇಕು.

ಬಿಳಿ

ಇಲ್ಲಿ ಎರಡು ದಾರಿಯಿದೆ, ಮೊದಲೇ ಒಂದನ್ನು ಆರಿಸಿಕೊಳ್ಳಬೇಕು. ಅಕ್ಕಿಹಿಟ್ಟಿನ ಬಿಳಿ ಮೃದು, ಮಣ್ಣಿನ ಜೊತೆ ಸಹಜವಾಗಿ ಕೂಡುತ್ತದೆ. ಆದರೆ ಅದರ ಮೇಲೆ ವಾರ್ನಿಶ್ ಹೊಡೆಯುವಂತಿಲ್ಲ. ಹಿಟ್ಟಿನ ಕಣ ಮತ್ತು ವಾರ್ನಿಶ್ ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಳಿ ಪಾರದರ್ಶಕವಾಗಿ, ಗೆರೆ ಕಣ್ಣೆದುರೇ ಮಾಯವಾಗುತ್ತದೆ. ಸೀಮೆಸುಣ್ಣದ ಬಿಳಿಗೂ ಇದೇ ಗತಿ. ಟೈಟಾನಿಯಂ ಬಿಳಿಯಿರುವ ಅಕ್ರಿಲಿಕ್ ಎಮಲ್ಷನ್ನಿಗೆ ಈ ತೊಂದರೆಯಿಲ್ಲ. ಒಣಹವೆಯ ಊರಿನ ಹಾಲ್‌ಗೆ ಅಕ್ಕಿ, ವಾರ್ನಿಶ್ ಇಲ್ಲದೆ. ಕರಾವಳಿ, ಮಲೆನಾಡಿನ ಮಳೆಗೆ, ಮಕ್ಕಳ ಕೈಗೆ ಎಟುಕುವ ಗೋಡೆಗೆ ಎಮಲ್ಷನ್, ಮೇಲೆ ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಶ್ ಒಂದು ಕೈ. ವಾರ್ನಿಶ್ ಕೆಮ್ಮಣ್ಣನ್ನು ಒಂದು ಛಾಯೆ ಗಾಢ ಮಾಡುತ್ತದೆ, ಪರೀಕ್ಷೆಯ ತುಂಡಿನಲ್ಲಿ ಅದನ್ನೂ ನೋಡಿಕೊಳ್ಳಿ.

ಅಕ್ಕಿಯ ದಾರಿಗೆ: 100 ಗ್ರಾಂ ಅಕ್ಕಿ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಕಡಿಮೆ ಹಾಕಿ ನುಣ್ಣಗೆ ಅರೆದು, ಪಂಚೆಯಲ್ಲಿ ಸೋಸಿ. ಒಂದು ಟೀ ಚಮಚ ಮರಗೋಂದು, ನಾಲ್ಕೈದು ಹನಿ ಲವಂಗದ ಎಣ್ಣೆ ಸೇರಿಸಿ. ಎಣ್ಣೆ ಬೂಸ್ಟನ್ನು ತಡೆಯುತ್ತದೆ. ಫಲಕದಲ್ಲಿ ಒಟ್ಟು ಸುಮಾರು 90 ಮೀಟರ್ ಗೆರೆ ಬರುತ್ತದೆ, ಆದರೆ 3 ಮಿಮೀ ಅಗಲಕ್ಕೆ ಇಷ್ಟು ಹಿಟ್ಟು ಧಾರಾಳ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ, ಹುಳಿ ಬರುತ್ತದೆ; ಬೇಕಾದಷ್ಟೇ ದಿನದಿನ ಅರೆಯಿರಿ. ಹಸಿಯಿರುವಾಗ ಈ ಬಿಳಿ ಅರ್ಧ ಕಾಣುವುದೇ ಇಲ್ಲ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಹೊಸಬರು ಕಾಣುತ್ತಿಲ್ಲವೆಂದು ಮೇಲೆ ಮೇಲೆ ಎಳೆಯುತ್ತಾರೆ. ದಪ್ಪಗೆ ಕೂತ ಹಿಟ್ಟು ಒಣಗಿ ಹಕ್ಕಳೆ ಏಳುತ್ತದೆ. ಒಂದೇ ಎಳೆತ, ಕಾಲು ಗಂಟೆ ಕಾಯಿರಿ, ಆಮೇಲೆ ತೀರ್ಮಾನಿಸಿ.

ಕುಂಚಕ್ಕೆ ಪುಂಡಿ ನಾರು ಸಿಕ್ಕರೆ ಆರೇಳು ಇಂಚಿನ ಎಳೆಗಳನ್ನು ಕಡ್ಡಿಗೆ ಬಿಗಿದು ಕಟ್ಟಿ, ತುದಿಯ ಎರಡಿಂಚನ್ನು ನೆನೆಸಿ ಕುಟ್ಟಿ ಮೆದು ಮಾಡಿ. ನಾರು ಉದ್ದವಿರುವುದರಿಂದ ಗೆರೆಯ ಮೇಲೆ ಮಲಗಿಕೊಂಡು ಹೋಗುತ್ತದೆ, ಕೈಯ ಸಣ್ಣ ನಡುಕ ಗೆರೆಗೆ ಇಳಿಯುವುದಿಲ್ಲ. ಸಿಗದಿದ್ದರೆ ಉದ್ದಕೂದಲಿನ ಲೈನರ್ ಬ್ರಷ್ ತೆಗೆದುಕೊಳ್ಳಿ. ಗಿಡ್ಡ ಕೂದಲಿನ ಬ್ರಷ್‌ನಲ್ಲಿ ಉದ್ದ ಗೆರೆ ಬರುವುದಿಲ್ಲ, ಎಷ್ಟು ಒಳ್ಳೆಯ ಕೈಯಾದರೂ.

ಕೈಯೂರಲು ಉಳಿದ ರೀಪರನ್ನು ಎರಡು ಬದಿಗೆ ಒಂದಿಂಚು ತುಂಡಿನ ಮೇಲೆ ಸೇತುವೆಯಂತಿಟ್ಟುಕೊಳ್ಳಿ. ಮೊದಲು ದಾರದ ಮುಖ್ಯ ಗೆರೆಗಳು: ಒಂದು ದಿಕ್ಕಿನವು ಎಂಟೂ ಮುಗಿದು ಒಣಗಿದ ಮೇಲೆ ಎದುರು ದಿಕ್ಕಿನವು. ಹಸಿ ಗೆರೆಯನ್ನು ಹಸಿ ಕುಂಚ ದಾಟಿದರೆ ಕೂಡುವಲ್ಲೆಲ್ಲ ಬಿಳಿ ಹೊಂಡ ನಿಲ್ಲುತ್ತದೆ. ಕುಂಚ ಖಾಲಿಯಾಗುವುದನ್ನು ಕಾಯದೆ, ಗೆರೆಗಳು ಕೂಡುವ ಜಾಗಕ್ಕೆ ಬಂದಾಗಲೇ ಎತ್ತಿ ಅದ್ದಿ. ಜೋಡಣೆ ಅಲ್ಲಿ ಅಡಗುತ್ತದೆ. ಬಳಿಕ ಒಳಎಳೆಗಳು, ಹೊರಗಿನಿಂದ ಒಳಕ್ಕೆ. ಕೊನೆಗೆ ಅಂಚು: ಅಂಗಳದ ಸುತ್ತ ಎರಡು ಎಳೆ, ಫಲಕದ ಹೊರ ಅಂಚಿನಿಂದ ಒಂದಿಂಚು ಒಳಗೆ ಮೂರು ಎಳೆ, ನಡುವೆ ತ್ರಿಕೋನಗಳ ಸಾಲು. ಒಂದೊಂದು ಸಾಲು ಮುಗಿದಾಗ ಫಲಕ ನಿಲ್ಲಿಸಿ ಹತ್ತಡಿ ಹಿಂದೆ ಹೋಗಿ ನೋಡಿ. ಮಲಗಿಸಿದ್ದಾಗ ಕಾಣದ ಸೊಟ್ಟ ಆಗ ಕಾಣುತ್ತದೆ.

ತಪ್ಪಿದ ಗೆರೆಯನ್ನು ಹಸಿಯಲ್ಲಿ ಒರೆಸಬೇಡಿ, ಬಿಳಿ ಮಬ್ಬು ಹರಡುತ್ತದೆ. ಪೂರ್ತಿ ಒಣಗಲಿ, ಒದ್ದೆ ಮಾಡಿ ಹಿಂಡಿದ ಹತ್ತಿಕಡ್ಡಿಯಿಂದ ಎತ್ತಿ, ತೆಗೆದಿಟ್ಟ ಕೆಮ್ಮಣ್ಣನ್ನು ಸಣ್ಣ ಬ್ರಷ್‌ನಲ್ಲಿ ತುಂಬಿ.

ಗೋಡೆಗೇರಿಸುವುದು

ಎಲ್ಲ ಸೇರಿ ತೂಕ 18ರಿಂದ 20 ಕೆಜಿ. ದಾರ, ಒಂಟಿ ಮೊಳೆಯ ಮಾತೇ ಇಲ್ಲ. 12 ಮಿಮೀ ಪ್ಲೈಯ 5 ಅಡಿ ಉದ್ದ, 4 ಇಂಚು ಅಗಲದ ಪಟ್ಟಿಯನ್ನು ಬಡಗಿಯ ಯಂತ್ರದಲ್ಲಿ ನಡುವೆ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ. ಒಂದರ್ಧ ಫಲಕದ ಜೋಡಿ ರೀಪರಿಗೆ, ಓರೆ ಕೆಳಮುಖವಾಗಿ, ಚೂಪು ಅಂಚು ಗೋಡೆಯ ಕಡೆಗೆ. ಇನ್ನರ್ಧ ಗೋಡೆಗೆ, ಓರೆ ಮೇಲ್ಮುಖವಾಗಿ, ಚೂಪು ಅಂಚು ಈಚೆಗೆ. ಫಲಕವನ್ನು ಎತ್ತಿ ಇಳಿಸಿದರೆ ಎರಡೂ ಓರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಡಬಲಕ್ಕೆ ಸರಿಸಿ ನಡುವಿಗೆ ತರಬಹುದು. ಕೆಳಗಿನ ಎರಡು ಮೂಲೆಗೆ 12 ಮಿಮೀ ತುಂಡು ಅಂಟಿಸಿದರೆ ಫಲಕ ಗೋಡೆಗೆ ಸಮಾನಾಂತರವಾಗಿ ನಿಲ್ಲುತ್ತದೆ, ಹಿಂದೆ ಗಾಳಿ ಆಡುತ್ತದೆ.

ಗೋಡೆಪಟ್ಟಿಯನ್ನು ರಸಮಟ್ಟ ಇಟ್ಟು ನೋಡಿ, ತುದಿಯಿಂದ 6 ಇಂಚು ಬಿಟ್ಟು ಅಡಿಗೊಂದರಂತೆ ಐದು ತೂತು ಕೊರೆಯಿರಿ: 8 ಮಿಮೀ ಬಿಟ್, 8 × 50 ಮಿಮೀ ನೈಲಾನ್ ಪ್ಲಗ್, 65 ಮಿಮೀ ಸ್ಕ್ರೂ. ಗಾರೆ 12ರಿಂದ 15 ಮಿಮೀ ಇರುತ್ತದೆ, ಪ್ಲಗ್ ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ತಂತಿಯ ಪೈಪು ಅಲ್ಲೇ ಹೋಗಿರುತ್ತದೆ. ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಎಎಸಿ ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಕೊರೆದು ಅದಕ್ಕೆಂದೇ ಬರುವ ಉದ್ದ ಪ್ಲಗ್ ಹಾಕಿ. ಮಾಮೂಲಿ ಪ್ಲಗ್ ಪುಡಿಯಲ್ಲಿ ಸುಮ್ಮನೆ ತಿರುಗುತ್ತದೆ. ಹಳೆಯ ಮಣ್ಣುಗೋಡೆಯಲ್ಲಿ ಯಾವ ಪ್ಲಗ್ಗೂ ನಿಲ್ಲದು, ಅಲ್ಲಿ ತೊಲೆಯಿಂದ ಎರಡು ಸರಪಳಿ ಇಳಿಬಿಡುವುದೇ ಸರಿ.

ಎತ್ತರಕ್ಕೆ, ಚಿತ್ರದ ನಡು ನೆಲದಿಂದ 58 ಇಂಚಿನ ಆಸುಪಾಸಿನಲ್ಲಿ ಇರಬೇಕೆಂಬ ರೂಢಿ ಬರಿಗೋಡೆಗೆ ಸರಿ. ಸೋಫಾ ಮೇಲಾದರೆ ಆ ಲೆಕ್ಕ ಬಿಟ್ಟು, ಸೋಫಾದ ಬೆನ್ನಿನಿಂದ 8ರಿಂದ 10 ಇಂಚು ಮೇಲೆ ಫಲಕದ ಕೆಳ ಅಂಚು ಬರಲಿ. ಒರಗಿ ಕೂತವರ ತಲೆಯ ಎಣ್ಣೆ ಮಣ್ಣಿಗೆ ತಾಗಿದರೆ ಕಲೆ ಹೋಗುವುದಿಲ್ಲ. ಬೆಳಕು ಬದಿಯ ಕಿಟಕಿಯಿಂದ ಬೀಳುವಂತಿದ್ದರೆ ಬಟ್ಟೆಯ ನೇಯ್ಗೆ, ಮಣ್ಣಿನ ಬ್ರಷ್ ಗುರುತು ಎಲ್ಲ ಎದ್ದು ಕಾಣುತ್ತವೆ.

ಅಕ್ಕಿಹಿಟ್ಟಿನ ಫಲಕಕ್ಕೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಲ್ಲಿ ಮೇಲಿನಿಂದ ಕೆಳಕ್ಕೆ ತೆಗೆಯಿರಿ. ಜಿರಳೆ, ಸಿಲ್ವರ್‌ಫಿಶ್ ಹಿಟ್ಟನ್ನು ಕೆರೆಯುತ್ತವೆ, ಗೆರೆ ಅಲ್ಲಲ್ಲಿ ಕಚ್ಚುಕಚ್ಚಾಗಿ ತೆಳುವಾಗುವುದು ಅದರ ಗುರುತು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಫಲಕ ಇಳಿಸಿ ಹಿಂಬದಿ ನೋಡಿ, ಬಿಳಿ ಬೂಸ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಎರಡು ದಿನ ಗಾಳಿಗಿಟ್ಟು, ತೆಳುವಾದ ಗೆರೆಗಳ ಮೇಲೆ ಹೊಸ ಹಿಟ್ಟಿನಿಂದ ಒಂದೊಂದೇ ಎಳೆ ಎಳೆದು ಮತ್ತೆ ತೂಗಿಸಿ.